ಮಡಚುವ ಸೌರಫಲಕ: ಚೀಟಿಯ ವ್ಯಾಟು, ಬಿಸಿಲಿನ ವ್ಯಾಟು

ಮೊಬೈಲು, ಹಣೆದೀಪ, ಕ್ಯಾಮೆರಾ, ಕಿರು ರೇಡಿಯೊದಂಥ ಸಾಧನಗಳನ್ನು ಬಿಸಿಲಿನಿಂದಲೇ ಚಾರ್ಜ್ ಮಾಡಲು ಮೂರು ಬಗೆಯ ಸೌರ ಸಲಕರಣೆಗಳು ಅಂಗಡಿಗಳಲ್ಲಿ ಸಿಗುತ್ತವೆ. ಒಂದು, ಗಟ್ಟಿ ಬಟ್ಟೆಗೆ ಕೂಡಿಸಿ ಹೊಲಿದ, ಮೂರು ನಾಲ್ಕು ಮಡಿಕೆಯ ಫಲಕ. ಇದರ ಹಿಂಬದಿಯ ಚೀಲದಲ್ಲಿ ಯುಎಸ್‌ಬಿ ಕಿಂಡಿ ಇರುತ್ತದೆ. ಇನ್ನೊಂದು, ಮುಚ್ಚಳದ ಮೇಲೆ ಅಂಗೈಯಗಲದ ಸೌರಕೋಶ ಅಂಟಿಸಿಕೊಂಡ ‘ಸೋಲಾರ್ ಪವರ್ ಬ್ಯಾಂಕ್’. ಮೂರನೆಯದು ಅಲ್ಯೂಮಿನಿಯಂ ಚೌಕಟ್ಟು, ಗಾಜಿನ ಹೊದಿಕೆ ಇರುವ 5ರಿಂದ 20 ವ್ಯಾಟಿನ ಪುಟ್ಟ ಗಟ್ಟಿ ಫಲಕ. ತಾಲ್ಲೂಕು ಪೇಟೆಗಳ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಇದು ಸಿಗುತ್ತದೆ. ಮೂರರಲ್ಲೂ ಇರುವುದು ಬಹುಪಾಲು ಸಿಲಿಕಾನ್ ಕೋಶವೇ. ಆದರೆ ಕೆಲಸದಲ್ಲಿ ಇವುಗಳ ನಡುವೆ ಇರುವ ಅಂತರ ದೊಡ್ಡದು. ಕೊಳ್ಳುವವರಿಗೆ ಆ ಅಂತರವನ್ನು ಯಾರೂ ಹೇಳದಿರುವುದೇ ಈ ಸಾಧನಗಳ ಬಗ್ಗೆ ಹಬ್ಬಿರುವ ಬೇಸರಕ್ಕೆ ಮುಖ್ಯ ಕಾರಣ.

ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ ಕಂಡುಕೊಂಡ. ಬಳಕೆಗೆ ಒದಗುವಂಥ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1954ರಲ್ಲಿ ಪ್ರದರ್ಶಿಸಿತು. ಬಿದ್ದ ಬೆಳಕಿನಲ್ಲಿ ಶೇ 6ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಇಂದಿನ ಒಳ್ಳೆಯ ಏಕಸ್ಫಟಿಕ ಕೋಶಗಳಲ್ಲಿ ಈ ಪ್ರಮಾಣ ಶೇ 20ರಿಂದ 24. ಒಂದೊಂದು ಕೋಶ ಕೊಡುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಹಾಗಾಗಿ ಹಲವು ಕೋಶಗಳನ್ನು ಸರಣಿಯಲ್ಲಿ ಜೋಡಿಸಿ, ನಿಯಂತ್ರಕದ ಮೂಲಕ ಯುಎಸ್‌ಬಿಗೆ ಬೇಕಾದ 5 ವೋಲ್ಟಿಗೆ ತರಲಾಗುತ್ತದೆ.

ಫಲಕದ ಚೀಟಿಯ ಮೇಲಿನ ವ್ಯಾಟು ಪ್ರಯೋಗಾಲಯದ ಲೆಕ್ಕ. ಚದರ ಮೀಟರಿಗೆ 1,000 ವ್ಯಾಟ್ ಬೆಳಕು ನೇರವಾಗಿ ಬೀಳುತ್ತಿರಬೇಕು, ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರಬೇಕು. ಈ ಎರಡೂ ಒಟ್ಟಿಗೆ ಕೂಡಿಬರುವ ಗಳಿಗೆ ನಮ್ಮ ಬಯಲಲ್ಲಿ ಇಲ್ಲವೆಂದೇ ಹೇಳಬೇಕು. ಅಷ್ಟು ಬಿಸಿಲು ಸುರಿಯುವಾಗ ಕಪ್ಪು ಫಲಕ ತಣ್ಣಗಿರುವುದಿಲ್ಲ. ಈ ಲೆಕ್ಕವಾದರೂ ಪ್ರಾಮಾಣಿಕವಾಗಿದ್ದರೆ ಸರಿ. ಎಷ್ಟೋ ಫಲಕಗಳಲ್ಲಿ ಅದೂ ಉಬ್ಬಿಸಿದ್ದೇ. ಇದನ್ನು ಪತ್ತೆ ಮಾಡಲು ಯಾವ ಉಪಕರಣವೂ ಬೇಡ. ಎ4 ಅಳತೆಯ ಒಂದು ಕಾಗದದ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್. ಶೇ 22ರ ದಕ್ಷತೆಯ ಕೋಶಗಳು ಅಷ್ಟು ಜಾಗವನ್ನು ಪೂರ್ತಿ ತುಂಬಿದರೂ ಹುಟ್ಟುವುದು 14 ವ್ಯಾಟಿನ ಒಳಗೇ. 28 ವ್ಯಾಟ್ ಎಂದು ಬರೆದ ಫಲಕದಲ್ಲಿ ಬಟ್ಟೆಯ ಅಂಚು, ಹೊಲಿಗೆಯ ಸಂದು ಬಿಟ್ಟು, ಬರಿಯ ಕೋಶಗಳೇ ಎರಡು ಎ4 ಹಾಳೆಗಳಷ್ಟು ಇರಬೇಕು. ಇಲ್ಲದಿದ್ದರೆ ಚೀಟಿ ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಕಿಂಡಿಯ ಮಿತಿ ಬೇರೆ: 5 ವೋಲ್ಟ್, 2.4 ಆಂಪಿಯರ್ ಎಂದು ನಮೂದಿಸಿದ ಯುಎಸ್‌ಬಿ ಕಿಂಡಿಯಿಂದ, ಫಲಕ ಎಷ್ಟೇ ದೊಡ್ಡದಿರಲಿ, 12 ವ್ಯಾಟಿಗಿಂತ ಹೆಚ್ಚು ಹೊರಬರುವುದಿಲ್ಲ.

ಚೀಟಿಯ ವ್ಯಾಟನ್ನು ಮೊದಲು ಕಡಿಯುವುದು ಬಿಸಿ. ಸಿಲಿಕಾನ್ ಕೋಶ 25 ಡಿಗ್ರಿಯ ಮೇಲೆ ಏರಿದ ಪ್ರತಿ ಡಿಗ್ರಿಗೂ ಶೇ 0.3ರಿಂದ 0.45ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಗಾಳಿಯೇ 40 ಡಿಗ್ರಿ ಇರುವಾಗ ಬಂಡೆಯ ಮೇಲೆ ಹರವಿದ ಫಲಕ 65–70 ಡಿಗ್ರಿಗೆ ಕಾಯುವುದು ಸಹಜ. ಆರನೇ ಒಂದು ಪಾಲು ಅಲ್ಲಿಗೇ ಹೋಯಿತು. ಪಾವಗಡದ 2,050 ಮೆಗಾವ್ಯಾಟಿನ ಸೌರ ಉದ್ಯಾನದಂಥ ಕಡೆ ಫಲಕಗಳು ನೆಲದಿಂದ ಮೇಲೆ ನಿಂತಿರುತ್ತವೆ, ಅಡಿಯಲ್ಲಿ ಗಾಳಿ ಆಡುತ್ತದೆ. ಮಡಚುವ ಫಲಕಕ್ಕೂ ಅದೇ ಉಪಾಯ ಸಲ್ಲುತ್ತದೆ: ನೆಲಕ್ಕೆ ಹಾಸದೆ ಬೇಲಿಗೋ ಗುಡಾರದ ಹಗ್ಗಕ್ಕೋ ತೂಗುಹಾಕಿದರೆ ಬೆನ್ನು ತಣಿಯುತ್ತದೆ.

ಕೋನದ ವಿಚಾರದಲ್ಲಿ ಕನ್ನಡನಾಡು ಅದೃಷ್ಟವಂತ. ಬೆಂಗಳೂರಿನ ನೆತ್ತಿಗೆ ಸೂರ್ಯ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನೇರ ಬರುತ್ತಾನೆ. ಆ ಆಸುಪಾಸಿನ ನಡುಹಗಲಲ್ಲಿ ಫಲಕವನ್ನು ಸಪಾಟಾಗಿಟ್ಟರೆ ಸಾಕು. ಡಿಸೆಂಬರಿನಲ್ಲಿ ಮಾತ್ರ ನಡುಹಗಲ ಸೂರ್ಯ ನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಸಪಾಟಾಗಿಟ್ಟ ಫಲಕಕ್ಕೆ ಐದನೇ ಒಂದು ಪಾಲು ತಪ್ಪುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ಎತ್ತಿ ನಿಲ್ಲಿಸಿದರೆ ಅದೂ ಕೈಗೆ ಬರುತ್ತದೆ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ತಿರುಗಿಸುವ ತಾಳ್ಮೆ ಇದ್ದವರಿಗೆ ಇನ್ನೂ ಲಾಭವುಂಟು.

ನೆರಳು ಇವೆಲ್ಲಕ್ಕಿಂತ ಕೆಟ್ಟದ್ದು. ಕೋಶಗಳು ಸರಣಿಯಲ್ಲಿ ಇರುವುದರಿಂದ, ಕಾಲುವೆಯಲ್ಲಿ ಒಂದು ಕಡೆ ಮಣ್ಣು ಕುಸಿದರೆ ಮುಂದಿನ ಗದ್ದೆಗಳಿಗೆಲ್ಲ ನೀರು ಸಣ್ಣಗಾಗುವಂತೆ, ಒಂದು ಕೋಶದ ಮೇಲೆ ಬಿದ್ದ ನೆರಳು ಇಡೀ ಸರಣಿಯ ಪ್ರವಾಹವನ್ನು ತಗ್ಗಿಸುತ್ತದೆ. ಬೆನ್ನುಚೀಲಕ್ಕೆ ಫಲಕ ಕಟ್ಟಿಕೊಂಡು ನಡೆಯುವವರ ಚಿತ್ರ ಜಾಹೀರಾತುಗಳಲ್ಲಿ ಸಾಮಾನ್ಯ. ಪಶ್ಚಿಮ ಘಟ್ಟದ ಕಾಡುದಾರಿಯಲ್ಲಿ ಆ ಚಿತ್ರಕ್ಕೆ ಬೆಲೆಯಿಲ್ಲ. ಕುಮಾರಪರ್ವತದ ಹಾದಿಯ ಕೆಳಭಾಗದಲ್ಲಿ ಗಂಟೆಗಟ್ಟಲೆ ಮರಗಳ ಅಡಿಯಲ್ಲೇ ನಡೆಯಬೇಕು. ಮೇಲಿನ ಹುಲ್ಲುಗಾವಲು ತಲುಪಿದರೂ ನಡೆಯುವವರ ದಿಕ್ಕು ಸೂರ್ಯನ ದಿಕ್ಕಿಗೆ ಹೊಂದುವುದು ಅಪರೂಪ. ಫಲಕ ಇರುವುದು ಬಿಡಾರದಲ್ಲಿ ಹರವಿ ಕೂರುವವರಿಗೆ. ನಡೆಯುತ್ತಲೇ ಚಾರ್ಜ್ ಮಾಡುವುದನ್ನು ಅದರಿಂದ ನಿರೀಕ್ಷಿಸಬಾರದು.

ಫಲಕಕ್ಕೆ ಮೊಬೈಲನ್ನು ನೇರ ಚುಚ್ಚುವುದು ಇನ್ನೊಂದು ಸಾಮಾನ್ಯ ತಪ್ಪು. ಮೋಡ ಹಾಯ್ದಾಗ ಫಲಕದ ಶಕ್ತಿ ಕಾಲು ಭಾಗಕ್ಕೋ ಹತ್ತನೇ ಒಂದು ಭಾಗಕ್ಕೋ ಇಳಿಯುತ್ತದೆ. ಆಗ ಮೊಬೈಲು ಇದು ದುರ್ಬಲ ಚಾರ್ಜರ್ ಎಂದು ಬಗೆದು ತಾನು ಎಳೆಯುವ ಪ್ರವಾಹವನ್ನು ತಗ್ಗಿಸಿಕೊಳ್ಳುತ್ತದೆ. ಮೋಡ ಸರಿದ ಮೇಲೂ ಹಲವು ಮೊಬೈಲುಗಳು ಮತ್ತೆ ಮೊದಲಿನ ಮಟ್ಟಕ್ಕೆ ಏರುವುದಿಲ್ಲ, ವೈರು ಕಿತ್ತು ಚುಚ್ಚಬೇಕು. ಒಳ್ಳೆಯ ಫಲಕಗಳ ನಿಯಂತ್ರಕ ಸಂಪರ್ಕವನ್ನು ತಾನೇ ಕ್ಷಣಕಾಲ ಕಡಿದು ಮತ್ತೆ ಜೋಡಿಸುತ್ತದೆ. ಅಗ್ಗದವುಗಳಲ್ಲಿ ಈ ಏರ್ಪಾಡು ಇರುವುದಿಲ್ಲ. ಇದಲ್ಲದೆ ಬಿಸಿಲಲ್ಲಿ ಬಿದ್ದ ಮೊಬೈಲು ಕಾದು, ತನ್ನ ರಕ್ಷಣೆಗಾಗಿ ಚಾರ್ಜಾಗುವುದನ್ನೇ ನಿಲ್ಲಿಸಬಹುದು. ಸರಿಯಾದ ಕ್ರಮವೆಂದರೆ ಹಗಲಲ್ಲಿ ಫಲಕದಿಂದ ಪವರ್ ಬ್ಯಾಂಕಿಗೆ, ರಾತ್ರಿ ಪವರ್ ಬ್ಯಾಂಕಿನಿಂದ ಮೊಬೈಲಿಗೆ. ಪವರ್ ಬ್ಯಾಂಕು ಫಲಕದ ಬೆನ್ನ ಹಿಂದೆ, ನೆರಳಲ್ಲಿ ಇರಬೇಕು.

ಈ ಒಂದು ಮಾತೇ ಸೋಲಾರ್ ಪವರ್ ಬ್ಯಾಂಕಿನ ತೀರ್ಪನ್ನೂ ಹೇಳುತ್ತದೆ. ಲಿಥಿಯಂ ಬ್ಯಾಟರಿ ಚಾರ್ಜಾಗುವಾಗ 45 ಡಿಗ್ರಿಯ ಒಳಗಿರಬೇಕೆಂಬುದು ಸಾಮಾನ್ಯ ಮಿತಿ. ಅದೇ ಬ್ಯಾಟರಿಯ ನೆತ್ತಿಗೆ ಕಪ್ಪು ಕೋಶ ಅಂಟಿಸಿ, ಎರಡನ್ನೂ ಒಟ್ಟಿಗೆ ಬಿಸಿಲಲ್ಲಿಡಿ ಎನ್ನುವುದು ವಿನ್ಯಾಸದ ಬುಡದಲ್ಲೇ ಇರುವ ದೋಷ. ಲೆಕ್ಕವೂ ಅದರ ಪರವಾಗಿಲ್ಲ. ಮುಚ್ಚಳದ ಕೋಶ 14 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ ಇದ್ದರೆ ಅದರಿಂದ ಸಿಗುವುದು ಹೆಚ್ಚೆಂದರೆ 2 ವ್ಯಾಟ್. ಬಿಸಿ, ಕೋನ ಕಳೆದು ಉಳಿಯುವುದು ಒಂದೂವರೆಗೂ ಕಡಿಮೆ. 10,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕ್ ತುಂಬಲು, ಸೋರಿಕೆ ಸೇರಿ, ಸುಮಾರು 45 ವ್ಯಾಟ್-ಗಂಟೆ ಬೇಕು. ಅಂದರೆ ಮೂವತ್ತು ಗಂಟೆಗೂ ಮೀರಿದ ಕಡು ಬಿಸಿಲು. ದಿನಕ್ಕೆ ಐದು ಗಂಟೆಯಂತೆ ವಾರ ಹಿಡಿಯುತ್ತದೆ. 20,000ದ್ದಾದರೆ ಎರಡು ವಾರ. ಇದನ್ನು ಪವರ್ ಬ್ಯಾಂಕ್ ಎಂದು ಕೊಂಡರೆ ನಷ್ಟವಿಲ್ಲ. ಸೌರ ಸಾಧನವೆಂದು ನಂಬಿ ಕಾಡಿಗೆ ಹೊರಟರೆ ಕಷ್ಟ.

ಮಡಚುವ ಫಲಕದ ಗುಣವನ್ನು ತೂಕದಲ್ಲಿ ಅಳೆಯುವುದು ನ್ಯಾಯ. ರಾಜ್ಯದ ಬಯಲುಸೀಮೆಯಲ್ಲಿ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಸುಮಾರು ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುತ್ತದೆ. ಪ್ರಾಮಾಣಿಕ 14 ವ್ಯಾಟಿನ ಫಲಕವನ್ನು ಹಗಲಿಡೀ ಹರವಿಟ್ಟರೆ 45 ವ್ಯಾಟ್-ಗಂಟೆ ಹೊರಡುತ್ತದೆ, ಪವರ್ ಬ್ಯಾಂಕು ದಾಟಿ ಮೊಬೈಲು ತಲುಪುವಷ್ಟರಲ್ಲಿ ಅದು ಮೂವತ್ತರ ಆಸುಪಾಸು. 5,000 ಮಿಲಿಆಂಪಿಯರ್-ಗಂಟೆಯ ಮೊಬೈಲಿನ ಬ್ಯಾಟರಿ ಹಿಡಿಸುವುದು ಸುಮಾರು 19 ವ್ಯಾಟ್-ಗಂಟೆ. ದಿನಕ್ಕೊಂದು ಮೊಬೈಲು ಧಾರಾಳವಾಗಿ ತುಂಬುತ್ತದೆ, ಹಣೆದೀಪಕ್ಕೂ ಮಿಗುತ್ತದೆ. ಆದರೆ ಇಂಥ ಫಲಕ ಅರ್ಧ ಕಿಲೋ ತೂಗುತ್ತದೆ, ಜೊತೆಗೊಂದು ಪವರ್ ಬ್ಯಾಂಕ್ ಬೇಕೇಬೇಕು. ಅದೇ ತೂಕಕ್ಕೆ 10,000ದ ಮೂರು ಪವರ್ ಬ್ಯಾಂಕುಗಳನ್ನು ಮನೆಯಲ್ಲೇ ತುಂಬಿ ಒಯ್ದರೆ 90 ವ್ಯಾಟ್-ಗಂಟೆ ಖಾತರಿಯಾಗಿ ಕೈಯಲ್ಲಿರುತ್ತದೆ. ಮಿತವಾಗಿ ಬಳಸುವ ಒಬ್ಬರಿಗೆ ಅದು ಆರು ದಿನ ಸಾಕು. ಎರಡು ಮೂರು ದಿನದ ಚಾರಣಕ್ಕೆ ಸೌರಫಲಕ ಒಯ್ಯುವುದು ಬರಿಯ ಹೊರೆ. ವಾರ ಮೀರಿ ವಿದ್ಯುತ್ತಿನಿಂದ ದೂರ ಇರುವವರಿಗೆ ಅದೇ ಆಧಾರ. ಲಡಾಖ್, ಸ್ಪಿತಿಯಂಥ ಎತ್ತರದ ಒಣ ಚಳಿನಾಡಿನಲ್ಲಿ ತೆಳುಗಾಳಿಯ ಬಿಸಿಲು ಚುರುಕಾಗಿದ್ದು ಕೋಶಗಳೂ ತಣ್ಣಗಿರುವುದರಿಂದ ಫಲಕ ಚೀಟಿಯ ವ್ಯಾಟಿಗೆ ಹತ್ತಿರ ಬರುತ್ತದೆ. ಅಲ್ಲಿ ಎಚ್ಚರ ಬೇಕಾದದ್ದು ಬ್ಯಾಟರಿಯ ಬಗ್ಗೆ: ಸೊನ್ನೆ ಡಿಗ್ರಿಯ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು.

ಈ ತಂತ್ರಕ್ಕೆ ನಿಜವಾದ ಮನೆ ಕುರಿಗಾಹಿಗಳ ಬಿಡಾರ. ಉತ್ತರ ಕರ್ನಾಟಕದ ಕುರುಬರು ಮೇವು ಅರಸಿ ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ಕುರಿ ಅಟ್ಟಿಕೊಂಡು ಹೋಗುತ್ತಾರೆ, ರಾತ್ರಿ ತೋಳದ ಭಯಕ್ಕೆ ಬ್ಯಾಟರಿದೀಪ ಬೇಕು, ಮನೆಯವರೊಂದಿಗೂ ವ್ಯಾಪಾರಿಗಳೊಂದಿಗೂ ಮಾತಾಡಲು ಮೊಬೈಲು ಬೇಕು. ಗುಂಡಿಗಳಿರುವ ಸಾದಾ ಮೊಬೈಲಿನ ಬ್ಯಾಟರಿ ಹಿಡಿಸುವುದು ನಾಲ್ಕು ವ್ಯಾಟ್-ಗಂಟೆಯಷ್ಟೇ. 5 ವ್ಯಾಟಿನ ಫಲಕಕ್ಕೂ ಅದು ಒಂದೆರಡು ಗಂಟೆಯ ಕೆಲಸ. ಸಾಮಾನು ಕುದುರೆ, ಕತ್ತೆಗಳ ಬೆನ್ನೇರುವಲ್ಲಿ ಒಂದೂವರೆ ಕಿಲೋದ ಗಾಜಿನ ಫಲಕ ಭಾರವೆನಿಸುವುದಿಲ್ಲ. ವ್ಯಾಟಿಗೆ ಲೆಕ್ಕ ಹಾಕಿದರೆ ಅದು ಬಟ್ಟೆಯ ಫಲಕಕ್ಕಿಂತ ಅಗ್ಗ, ಗಾಜು ಒಡೆಯದಂತೆ ನೋಡಿಕೊಂಡರೆ ಬಾಳಿಕೆಯೂ ಬಹಳ ಹೆಚ್ಚು.

ಮಳೆಗಾಲ ಈ ಸಾಧನದ ದೊಡ್ಡ ಮಿತಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ವಿದ್ಯುತ್ತು ಹೋಗಿತ್ತು, ಆಕಾಶದಲ್ಲಿ ಬಿಸಿಲೂ ಇರಲಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಕರೆಂಟು ದಿನಗಟ್ಟಲೆ ಕೈಕೊಡುವುದು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ, ಫಲಕ ಸೋಲುವುದೂ ಆಗಲೇ. ಆ ಭಾಗದ ಮನೆಗಳು ವಿಪತ್ತಿಗೆಂದು ಫಲಕ ಕೊಳ್ಳುವ ಮೊದಲು ಒಂದೆರಡು ಒಳ್ಳೆಯ ಪವರ್ ಬ್ಯಾಂಕುಗಳನ್ನು ಸದಾ ತುಂಬಿಟ್ಟುಕೊಳ್ಳುವುದು ಹೆಚ್ಚು ಭದ್ರ.

ಬಾಳಿಕೆಯ ಪ್ರಶ್ನೆಯಲ್ಲಿ ಮಡಚುವ ಫಲಕಗಳು ಅತಿ ಹೆಚ್ಚು ನಿರಾಸೆ ಮಾಡುತ್ತವೆ. ಕೋಶಗಳ ಮೇಲೆ ಪಿಇಟಿ ಪ್ಲಾಸ್ಟಿಕ್ ಹೊದಿಸಿದ್ದರೆ ಕೆಲವು ಬೇಸಿಗೆಗಳಲ್ಲಿ ಅದು ಹಳದಿಗಟ್ಟಿ, ಪದರ ಬಿಡುತ್ತದೆ. ಇಟಿಎಫ್‌ಇ ಹೊದಿಕೆ ಬಿಸಿಲನ್ನು ಹೆಚ್ಚು ಕಾಲ ತಾಳುತ್ತದೆ. ಅಷ್ಟಾಗಿಯೂ ಮೊದಲು ಕೆಡುವುದು ಸಾಮಾನ್ಯವಾಗಿ ಕೋಶವಲ್ಲ. ಯುಎಸ್‌ಬಿ ಕಿಂಡಿ ಸಡಿಲವಾಗುತ್ತದೆ, ಮಡಿಕೆಯ ಜಾಗದಲ್ಲಿ ತಂತಿ ಕಡಿಯುತ್ತದೆ, ನಿಯಂತ್ರಕದ ಡಬ್ಬಿಗೆ ನೀರು ಸೇರುತ್ತದೆ. ಇವೆಲ್ಲ ಬೆಸುಗೆ ಕಡ್ಡಿಯಿಂದ ಸರಿಪಡಿಸಬಹುದಾದ ದೋಷಗಳು. ಆದರೆ ಡಬ್ಬಿಯನ್ನು ಅಂಟಿನಿಂದ ಮುಚ್ಚಿರುವುದರಿಂದ ಫಲಕವೇ ಕಸದ ಪಾಲಾಗುತ್ತದೆ. ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಹಳ್ಳಿಮನೆಗಳಿಗೆ ಸೌರದೀಪ ಮುಟ್ಟಿಸಿದ್ದು ಬ್ಯಾಂಕ್ ಸಾಲದ ಜೊತೆಗೆ ಮನೆಬಾಗಿಲ ದುರಸ್ತಿಯನ್ನೂ ಕಟ್ಟಿಕೊಟ್ಟು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಪಾಠ ಮಡಚುವ ಫಲಕಗಳನ್ನು ಮಾಡುವವರ ತನಕ ತಲುಪಿಲ್ಲ.

ತಯಾರಕರು ಫಲಕದ ಚೀಟಿಯಲ್ಲಿ ಕೋಶಗಳ ಒಟ್ಟು ವಿಸ್ತೀರ್ಣ, ಕಾದ ಫಲಕದಿಂದ ಯುಎಸ್‌ಬಿ ಕಿಂಡಿಗೆ ನಿಜವಾಗಿ ಬರುವ ವ್ಯಾಟು, ಹೊದಿಕೆಯ ವಸ್ತು ಈ ಮೂರನ್ನು ಮುದ್ರಿಸಬೇಕು, ನಿಯಂತ್ರಕದ ಡಬ್ಬಿಗೆ ಅಂಟಿನ ಬದಲು ಸ್ಕ್ರೂ ಹಾಕಬೇಕು. ಫ್ರಿಜ್ಜು, ಏಸಿಗಳಿಗೆ ನಕ್ಷತ್ರದ ಚೀಟಿ ಅಂಟಿಸುವ ವ್ಯವಸ್ಥೆ ಇರುವ ದೇಶದಲ್ಲಿ ಇದನ್ನು ಕಡ್ಡಾಯ ಮಾಡುವುದು ಸರ್ಕಾರಕ್ಕೆ ದೊಡ್ಡ ಕೆಲಸವೇನೂ ಆಗದು.