ಸಾಕವ್ವನ ಲೆಕ್ಕ

ದೇವನೂರ ಮಹಾದೇವರ 'ಒಡಲಾಳ'ದ ಬಗ್ಗೆ ನಮ್ಮಲ್ಲಿ ಆಗಿರುವ ಮಾತು ಕಡಿಮೆಯೇನಲ್ಲ. ಹಸಿವು ಅಂದರು, ಜಾನಪದ ಅಂದರು, ಆಡುಮಾತಿನ ಕಸುವು ಅಂದರು. ಪುಟ್ಟಗೌರಿ ಗೋಡೆಯ ಮೇಲೆ ಬರೆದ ನವಿಲನ್ನು ಹಿಡಿದುಕೊಂಡು ಪುಟಗಟ್ಟಲೆ ಬರೆದರು. ಎಲ್ಲ ಸರಿ. ಆದರೆ ಸಾಕವ್ವ ಅನ್ನೋ ಮುದುಕಿ ಕಳೆದುಹೋದ ಒಂದು ಹುಂಜಕ್ಕಾಗಿ ಸುಸ್ತಾಗುವ ತನಕ ಅಲೆಯುತ್ತಾಳಲ್ಲ, ಆ ಅಲೆದಾಟವನ್ನು ನಾವು ಏನಂತ ಓದಿದೆವು? ಮುಗ್ಧೆ, ಹಟಮಾರಿ, ಬಾಯಿ ಜೋರಾದರೂ ತಾಯಿಕರುಳು. ಇದೇ ಧಾಟಿ. ಅದೇ ಒಬ್ಬ ಗಂಡಸು ಕಳೆದ ಎತ್ತು ಹುಡುಕಿಕೊಂಡು ಮೂರು ಹಳ್ಳಿ ಸುತ್ತಿದ್ದರೆ 'ಬದುಕಿಗಾಗಿ ಹೋರಾಟ' ಅಂತ ನಾವೇ ಬರೀತಿದ್ದೆವು.

ನಾನೂ ಹಾಗೇ ಬರೆದವಳು. ನಮ್ಮ ಮನೆಯಲ್ಲಿ ಡಿಗ್ರಿ ಮುಟ್ಟಿದ್ದು ನಾನೇ ಮೊದಲು. ಕಾಲೇಜಿನ ಒಂದು ವಿಚಾರ ಸಂಕಿರಣದಲ್ಲಿ ಸಾಕವ್ವನಿಗೆ ಆ ಹುಂಜ ಒಂದು ಭಾವನಾತ್ಮಕ ಆಸರೆ ಅಂತ ಪ್ರಬಂಧ ಓದಿದೆ. ಚಪ್ಪಾಳೆ ಬಿತ್ತು. ಆ ಸಂಜೆ ನರಸೀಪುರಕ್ಕೆ ಬಸ್ಸು ಹತ್ತುವಾಗ ಎದೆ ಉಬ್ಬಿತ್ತು.

ನಮ್ಮೂರಿರೋದು ತಿ. ನರಸೀಪುರ ತಾಲ್ಲೂಕಿನಲ್ಲಿ. ದೇವನೂರು ಪಕ್ಕದ ನಂಜನಗೂಡು ತಾಲ್ಲೂಕಿಗೆ ಸೇರಿದ್ದು. ಮಾತು ಒಂದೇ, ಹಟ್ಟಿ ಒಂದೇ ಥರ. ರಾತ್ರಿ ನಮ್ಮಜ್ಜಿಗೆ ಕಥೆಯ ಮೊದಲ ಭಾಗ ಓದಿ ಹೇಳಿದೆ. ನಾನು ನಕ್ಕ ಜಾಗದಲ್ಲಿ ಅವಳು ನಗಲಿಲ್ಲ. "ಇದ್ರಲ್ಲಿ ನಗಾಡಾದು ಏನದ ಕೂಸೇ? ಹುಂಜ ಹೋದ್ರೆ ಬರೀ ಹುಂಜ ಹೋಯ್ತದಾ? ಹೊಸತೊಡಕ್ಕೆ ಮಾರಾ ದುಡ್ಡು ಹೋಯ್ತದ. ಅವ್ಳೇ ತಡಕ್ದೆ ಇದ್ರೆ ಇನ್ಯಾರು ತಡಕಾರು?" ಅಂದಳು. ನನ್ನ ಪ್ರಬಂಧ ಅಲ್ಲೇ ಸತ್ತುಹೋಯ್ತು.

ಆಮೇಲೆ ಅಜ್ಜಿಯ ಕೋಳಿಗಳನ್ನು ಬೇರೆ ಕಣ್ಣಿನಿಂದ ನೋಡಕ್ಕೆ ಶುರು ಮಾಡಿದೆ. ಅವಳು ಎಲ್ಲ ಕೋಳಿಗಳನ್ನೂ ನಮ್ಮ ಮನೆಯಲ್ಲೇ ಇಟ್ಟುಕೊಳ್ಳಲ್ಲ. ಎರಡು ಹ್ಯಾಟೆ ನಮ್ಮ ಪಂಜರದಲ್ಲಿದ್ದರೆ, ಒಂದನ್ನು ಮೇಲಿನ ಬೀದಿಯ ಮನೆಗೆ, ಇನ್ನೊಂದನ್ನು ಪಕ್ಕದೂರಿನ ತಂಗಿ ಮನೆಗೆ ವಾರಕ್ಕೆ ಬಿಟ್ಟಿರುತ್ತಾಳೆ. ಸಾಕಿದವರಿಗೆ ಅರ್ಧ ಮರಿ, ಅಜ್ಜಿಗೆ ಅರ್ಧ. ಕೊಕ್ಕರೆ ರೋಗ ಬಂದರೆ ಒಂದು ಬೀದಿಯ ಕೋಳಿ ಪೂರ್ತಿ ನೆಲ ಕಚ್ಚುತ್ತವೆ. ಆಗಲೂ ಅಜ್ಜಿಗೆ ಇನ್ನೊಂದು ಬೀದಿಯಲ್ಲಿ ಬೀಜ ಉಳಿದಿರುತ್ತದೆ. ಮೊಟ್ಟೆ ಮಾರಬೇಕೋ ಕಾವಿಗೆ ಕೂರಿಸಬೇಕೋ ಅನ್ನೋದನ್ನ ಮಳೆ ನೋಡಿ, ಹದ್ದಿನ ಕಾಟ ನೋಡಿ ತೀರ್ಮಾನ ಮಾಡುತ್ತಾಳೆ. ಹುಂಜಗಳನ್ನು ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ, ಊರ ಮಾರಿಹಬ್ಬಕ್ಕೆ ತಡೆದಿಟ್ಟು ಮಾರುತ್ತಾಳೆ. ನನ್ನ ಪರೀಕ್ಷೆ ಫೀಜು ಎರಡು ಸಲ ಈ ಲೆಕ್ಕದಿಂದಲೇ ಬಂದಿದ್ದು. ಇದನ್ನೇ ಪ್ಯಾಂಟು ಹಾಕಿದವನು ಮಾಡಿದರೆ ಬಂಡವಾಳ ಹಂಚಿಕೆ, ಮಾರುಕಟ್ಟೆ ಜ್ಞಾನ. ಅಜ್ಜಿ ಮಾಡಿದರೆ ಜಿಪುಣತನ!

ಈ ಕಣ್ಣಿನಿಂದ 'ಒಡಲಾಳ'ಕ್ಕೆ ಮರಳಿದರೆ ಸಾಕವ್ವ ಬೇರೆಯೇ ಕಾಣುತ್ತಾಳೆ. ಆ ಮನೆ ತುಂಬ ಮಕ್ಕಳು, ಸೊಸೆ, ಮೊಮ್ಮಕ್ಕಳು. ಹಿರೀತನ ಅವಳದು. ಬೈಯುತ್ತಾಳೆ, ಜಗಳ ಆಡುತ್ತಾಳೆ, ಆದರೂ ಮನೆ ಅವಳ ಸುತ್ತಲೇ ನಿಂತಿರುತ್ತದೆ. ಸಾಹುಕಾರ ಎತ್ತಪ್ಪನ ಕಡ್ಲೆಕಾಯಿ ರಾತ್ರಿ ಮನೆಗೆ ಬಂದಾಗ ದೊಡ್ಡವರು ಚಿಕ್ಕವರೆಲ್ಲ ಬೆಂಕಿಯ ಸುತ್ತ ಕೂತು ತಿನ್ನುತ್ತಾರೆ. ಬೆಳಗಾದರೆ ಪೋಲೀಸರು ಹುಡುಕಕ್ಕೆ ಬರುತ್ತಾರೆ. ಆ ರಾತ್ರಿಯನ್ನು ಹಸಿವಿನ ಹಬ್ಬ ಅಂತ ಎಲ್ಲರೂ ಓದಿದ್ದಾರೆ. ನಾನು ಅದನ್ನು ಪಾಲಿನ ರಾತ್ರಿ ಅಂತ ಓದುತ್ತೇನೆ. ಒಂದೊಂದು ಕಾಳಿಗೂ ಕಿತ್ತಾಡಬೇಕಾದ ಬಡತನದಲ್ಲಿ ಅಷ್ಟು ಜನ ಒಟ್ಟಿಗೆ ಕೂತು ಉಂಡೇಳುವುದು ತನಗೆ ತಾನೇ ಆಗುವ ಕೆಲಸವಲ್ಲ. ಬರಗಾಲದಲ್ಲೂ ಒಲೆಯನ್ನು ಒಂದೇ ಆಗಿ ಉಳಿಸಿಕೊಂಡವರು ಯಾರೋ ಇರಬೇಕು. ಇದಕ್ಕೆ ಕನ್ನಡದಲ್ಲಿ ಯಜಮಾನಿಕೆ ಅನ್ನುವ ಪದ ಇದೆ. ನಮ್ಮ ವಿಮರ್ಶೆ ಆ ಪದವನ್ನು ಸಾಕವ್ವನಿಗೆ ಕೊಡಕ್ಕೆ ಹಿಂದೆಮುಂದೆ ನೋಡಿತು. ರಂಗದ ಮೇಲೆ ಸಾಕವ್ವನಾಗಿ ಹೆಸರು ಮಾಡಿದ ಉಮಾಶ್ರೀ 2013ರಲ್ಲಿ ಈ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯೇ ಆದರು. ಸಾಕವ್ವ ಮಾತ್ರ ನಮ್ಮ ಲೇಖನಗಳಲ್ಲಿ ಇನ್ನೂ ಮುಗ್ಧೆಯಾಗೇ ಉಳಿದಿದ್ದಾಳೆ.

ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅನ್ನೋ ಗಾದೆಯನ್ನು ಈಗ ಯಾರೂ ಬಾಯಿಬಿಟ್ಟು ಹೇಳಲ್ಲ. ಅದರ ಬದಲು ಹೆಂಗಸರು ಸ್ವಭಾವದಿಂದಲೇ ಪೈಪೋಟಿಗೆ ಹಿಂಜರೀತಾರೆ, ಅಪಾಯಕ್ಕೆ ಕೈ ಹಾಕಲ್ಲ ಅಂತ ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುತ್ತಾರೆ. ಯೂರಿ ನೀಝಿ ಮತ್ತು ಇಬ್ಬರು ಗೆಳೆಯರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೆನಿಸ್ ಚೆಂಡನ್ನು ಬಕೆಟ್ಟಿಗೆ ಎಸೆಯುವ ಆಟ. ಬಿದ್ದ ಚೆಂಡಿಗೆ ಇಷ್ಟು ಅಂತ ದುಡ್ಡು ತಗೊಳ್ಳಬಹುದು, ಇಲ್ಲವೇ ಎದುರಾಳಿಯನ್ನು ಸೋಲಿಸಿ ಮೂರರಷ್ಟು ತಗೊಳ್ಳುವ ಪೈಪೋಟಿಗೆ ಇಳಿಯಬಹುದು. ಗಂಡಾಳ್ವಿಕೆಯ ತಾಂಜಾನಿಯಾದ ಮಾಸಾಯ್ ಜನರಲ್ಲಿ ಪೈಪೋಟಿ ಆರಿಸಿಕೊಂಡ ಗಂಡಸರು ಶೇ. 50, ಹೆಂಗಸರು ಶೇ. 26. ಆದರೆ ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುವ ನಮ್ಮ ಮೇಘಾಲಯದ ಖಾಸಿಗಳಲ್ಲಿ ಹೆಂಗಸರು ಶೇ. 54, ಗಂಡಸರು ಶೇ. 39. ಚೆಂಡಾಟದಿಂದ ಇಡೀ ಲೋಕವನ್ನು ಅಳೆಯಕ್ಕಾಗಲ್ಲ, ಒಪ್ಪಿದೆ. ಆದರೆ ಸ್ವಭಾವ ಅಂತ ನಾವು ಕರೆದದ್ದು ಪಹಣಿಯಲ್ಲಿ ಯಾರ ಹೆಸರಿದೆ ಅನ್ನೋದರ ನೆರಳಿರಬಹುದಲ್ಲ?

ಪಹಣಿಯ ಮಾತು ಬಂತು. ಬೆಂಗಳೂರಿನ ಐಐಎಂನವರು 2010-11ರಲ್ಲಿ ಕರ್ನಾಟಕದ ಮನೆಗಳ ಆಸ್ತಿ ಲೆಕ್ಕ ಹಾಕಿದರು. ಮನೆ, ಹೊಲ ಮುಂತಾದ ಆಸ್ತಿಯ ಮೌಲ್ಯದಲ್ಲಿ ಹೆಂಗಸರ ಪಾಲು ಶೇ. 19. ಜೊತೆಗೇ ಲೆಕ್ಕ ಹಾಕಿದ ಘಾನಾದಲ್ಲಿ ಶೇ. 30, ಈಕ್ವೆಡಾರಿನಲ್ಲಿ ಶೇ. 52. ಹೊಲವೇ ಇಲ್ಲದ ನಮ್ಮ ಕೇರಿಗಳ ಹೆಂಗಸರಿಗೆ ಆ 19ರಲ್ಲಿ ಎಷ್ಟು ದಕ್ಕೀತು, ನೀವೇ ಊಹಿಸಿ.

ಸಾಕವ್ವನ ಲೆಕ್ಕ ವಿಮರ್ಶಕರಿಗೆ ಕಾಣದೆ ಹೋದರೂ ಸಾಲ ಕೊಡುವವರಿಗೆ ಚೆನ್ನಾಗಿಯೇ ಕಂಡಿತು. ಕಿರುಸಾಲದ ಕಂಪನಿಗಳು ಹುಡುಕಿಕೊಂಡು ಬಂದದ್ದು ಹೆಂಗಸರನ್ನೇ. ಯಾಕೆ? ಅವಳು ಉಪವಾಸ ಇದ್ದಾದರೂ ವಾರದ ಕಂತು ಕಟ್ಟುತ್ತಾಳೆ. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರು ಮಾನಕ್ಕೆ ಹೆದರಿ ಕಟ್ಟುತ್ತಾರೆ. ಅವಳ ಜಾಣತನವನ್ನು ಗುರುತಿಸಿ ಅದನ್ನೇ ಹಗ್ಗ ಮಾಡಿದರು. 2025ರ ಜನವರಿಯಲ್ಲಿ ನಂಜನಗೂಡು, ಚಾಮರಾಜನಗರ ಕಡೆಯ ಊರುಗಳಲ್ಲಿ ವಸೂಲಿ ಕಾಟಕ್ಕೆ ಮನೆಗೆ ಬೀಗ ಹಾಕಿ ಹೋದವರ ಸುದ್ದಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ಅವಳ ಹೆಸರಿಗೆ. ಆ ದುಡ್ಡಲ್ಲಿ ಬಂದ ಬೈಕು ಬೇರೆಯವರ ಹೆಸರಿಗೆ.

ನಾಯಕತ್ವದ ಕಥೆಯೂ ಇದೇ. 1987ರ ಪಂಚಾಯ್ತಿ ಚುನಾವಣೆಯಲ್ಲೇ ಕರ್ನಾಟಕ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟಿತ್ತು. 2010ರಿಂದ ಅರ್ಧ. ಕುರ್ಚಿ ಸಿಕ್ಕಿತು. ಆದರೆ ಹಳ್ಳಿಯಲ್ಲಿ ಇವತ್ತಿಗೂ "ಅಧ್ಯಕ್ಷರು ಇದ್ದಾರಾ?" ಅಂತ ಕೇಳಿದರೆ ಅವಳ ಗಂಡನನ್ನು ತೋರಿಸುತ್ತಾರೆ. ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ಒಂದೇ ಭಾಷಣವನ್ನು ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ಹಳ್ಳಿಗರಿಗೆ ಕೇಳಿಸಿ ನೋಡಿದರು. ಹೆಣ್ಣು ಪ್ರಧಾನಳನ್ನೇ ಕಾಣದ ಊರಿನ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು, ಮಾತು ಅಕ್ಷರಶಃ ಅದೇ ಆಗಿದ್ದರೂ. ಒಮ್ಮೆ ಹೆಣ್ಣಾಳ್ವಿಕೆ ಕಂಡ ಊರುಗಳಲ್ಲಿ ಆ ಭೇದ ಹೆಚ್ಚುಕಡಿಮೆ ಅಳಿಸಿಹೋಗಿತ್ತು.

ಗೆಳೆಯರೇ, ಇದು ಮೇಲ್ಜಾತಿಯವರ ರೋಗ ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ನಮ್ಮ ಸಭೆಗಳನ್ನೇ ನೋಡಿ. ಅಧ್ಯಕ್ಷತೆ, ಪ್ರಾಸ್ತಾವಿಕ, ಸಮಾರೋಪ ಎಲ್ಲ ಅಣ್ಣಂದಿರದು. ನಮಗೆ ಹೋರಾಟದ ಹಾಡು, ಕಡೆಗೆ ವಂದನಾರ್ಪಣೆ. ಹುಂಡಿಯ ಚಿಲ್ಲರೆ ಎಣಿಸುವವರು ಮಾತ್ರ ನಾವು. ಅದನ್ನು ಎಲ್ಲಿ ಖರ್ಚು ಮಾಡೋದು ಅಂತ ಕೇಳಿದರೆ "ಅದೆಲ್ಲ ಯಾಕಮ್ಮ ನಿನಗೆ" ಅನ್ನುವ ಉತ್ತರವನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅದನ್ನು ಹೇಳಿದವರು 'ಒಡಲಾಳ'ದ ಮೇಲೆ ಒಂದು ಗಂಟೆ ಚೆನ್ನಾಗಿ ಮಾತಾಡಬಲ್ಲವರು.

ಮೊನ್ನೆ ಅವ್ವನ ಸಂಘದ ಸಭೆಗೆ ಹೋಗಿದ್ದೆ. ಪುಸ್ತಕ ಬರೆಯಕ್ಕೆ ಓದಿದ ಹುಡುಗನೊಬ್ಬನನ್ನು ಇಟ್ಟುಕೊಂಡಿದ್ದಾರೆ. ಅವನು ಒಟ್ಟು ಹೇಳಿದ. ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ನಮ್ಮಜ್ಜಿ "ನಲವತ್ತು ರೂಪಾಯಿ ಕಮ್ಮಿ ಬತ್ತಾ ಅದಲ್ಲಪ್ಪ" ಅಂದಳು. ಅವನು ನಕ್ಕ. ಮೊಬೈಲು ತೆಗೆದು ಮತ್ತೆ ಕೂಡಿದ, ಇನ್ನೊಂದು ಸಲ ಕೂಡಿದ. ಆಮೇಲೆ ಪೆನ್ನು ತಗೊಂಡು ತಿದ್ದಿದ.