ರೈಲು ಬಾರದ ಕಡಲತಡಿ ಮತ್ತು ಅಧಿಕಾರಿಯ ಬಂಗಲೆ

ಕಾರವಾರ, ಅಂಕೋಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ರೈಲ್ವೆ ಅಧಿಕಾರಿಯ ಮನೆ ದೊರೆಯುವುದಿಲ್ಲ. ಅದು ದೊರೆಯದಿರುವುದೇ ಈ ತೀರದ ವಸಾಹತುಕಾಲೀನ ವಾಸ್ತುವನ್ನು ಅರಿಯಲು ಸರಿಯಾದ ದಾರಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿಗೆ ಇಳಿಸುವ ಹಂಬಲವಿತ್ತು. ಅಮೆರಿಕದ ಅಂತರ್ಯುದ್ಧ ಆ ಹಂಬಲವನ್ನು ಕೆರಳಿಸಿತ್ತು. ಆದರೆ 1880ರ ದಶಕದಲ್ಲಿ ಹಳಿ ಇಳಿದದ್ದು ಪೋರ್ಚುಗೀಸರ ಮುರಗಾವಿಗೆ. ಗೋವೆಯಿಂದ ಏರಿಬಂದ ಮಾರ್ಗವೂ ಸದರ್ನ್ ಮರಾಠಾ ರೈಲ್ವೆಯೂ ಇದೇ ಜಿಲ್ಲೆಯ ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. ರೈಲ್ವೆಯ ವಸತಿ ಘಟ್ಟದ ಮೇಲೆ ನೆಲೆಗೊಂಡಿತು. ಕಡಲತಡಿಗೆ ಉಳಿದದ್ದು ಕಲೆಕ್ಟರ್, ನ್ಯಾಯಾಧೀಶರ ಬಂಗಲೆ.

ಈ ಬಂಗಲೆಯನ್ನು ‘ಆಂಗ್ಲ ಶೈಲಿ’ ಎಂದು ಕರೆದು ಮುಗಿಸುವ ರೂಢಿ ತೃಪ್ತಿಕರವಲ್ಲ. ಚಿರೇಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಇಳಿಜಾರು ಮಾಡು ಈ ಮಳೆನಾಡಿನವೇ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚು ಕ್ರಮೇಣ ಹುಲ್ಲು, ನಾಡಹಂಚುಗಳ ಜಾಗವನ್ನು ಹಿಡಿಯಿತು. ಪರಕೀಯವಾದದ್ದು ಸಾಮಗ್ರಿಯಲ್ಲ, ವಿನ್ಯಾಸ. ನಾಡಮನೆಯ ಬದುಕು ಒಳಗಿನ ಅಂಗಳದತ್ತ ಮುಖಮಾಡಿದರೆ ಬಂಗಲೆ ವಿಶಾಲ ಆವರಣದ ನಡುವೆ ಒಂಟಿಯಾಗಿ ನಿಂತು ಜಗಲಿಯಿಂದ ಹೊರಗನ್ನು ನೋಡುತ್ತದೆ. ಅಡುಗೆಮನೆ, ಆಳುಗಳ ಕೋಣೆ ಹಿಂದೆ ಸರಿಯುತ್ತವೆ. ಜಗಲಿ ಮಳೆಯನ್ನು ತಡೆಯುವಷ್ಟೇ ದಕ್ಷವಾಗಿ ಅರ್ಜಿದಾರನನ್ನೂ ತಡೆಯುತ್ತದೆ! 1883ರಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಕಾರವಾರದಲ್ಲಿ ತಂಗಿದ್ದ ರವೀಂದ್ರರ ನೆನಪಿನಲ್ಲಿ ಉಳಿದದ್ದು ಕಡಲು, ಕಾಳಿ ನದಿ, ಬೆಳದಿಂಗಳು. ಅಂಥ ಮನೆಯ ನೋಟವೇ ಅದು.

ರೈಲ್ವೆಯ ವಸತಿಯ ತರ್ಕ ಬೇರೆ. ಅಲ್ಲಿ ಮನೆಯ ಅಳತೆಯನ್ನು ಗೊತ್ತುಮಾಡುವುದು ಹುದ್ದೆ. ದಿಕ್ಕನ್ನು ಗೊತ್ತುಮಾಡುವುದು ಕಡಲಲ್ಲ, ಹಳಿ. ಧಾರವಾಡದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿದ್ದ ಭವನ ಮುಂದೆ ಕರ್ನಾಟಕ ಕಾಲೇಜಿನ ಆಶ್ರಯವಾಗಿ ನಾಡಿನ ನೆನಪಿನಲ್ಲಿ ಉಳಿಯಿತು. ಕಚೇರಿಗೆ ದೊರೆತ ಈ ಎರಡನೆಯ ಬಾಳು ವಸತಿಗೃಹಗಳಿಗೆ ಸುಲಭವಾಗಿ ದೊರೆಯುವುದಿಲ್ಲ. ಹುದ್ದೆ ರದ್ದಾದೊಡನೆ ಅವು ಬರಿಯ ಹಳೆಯ ಕಟ್ಟಡಗಳಾಗುತ್ತವೆ. ದುರಸ್ತಿಯ ಹೆಸರಿನಲ್ಲಿ ಹಂಚಿನ ಬದಲು ತಗಡು, ಸುಣ್ಣದ ಮೇಲೆ ಸಿಮೆಂಟು ಬರುತ್ತದೆ. ಉಸಿರಾಡದ ಸಿಮೆಂಟಿನ ಅಡಿಯಲ್ಲಿ ಚಿರೇಕಲ್ಲು ತೇವ ಹಿಡಿದು ಸವೆಯುತ್ತದೆ.

ಕೊಂಕಣ ರೈಲ್ವೆ 1998ರಲ್ಲಿ ಪೂರ್ಣಗೊಂಡಾಗ ಕಾರವಾರದ ನಿಲ್ದಾಣ ಊರಿನ ಕಡಲಿಗೆ ಬೆನ್ನುಮಾಡಿ ಒಳಗಿನ ಶಿರವಾಡದಲ್ಲಿ ನೆಲೆಯಾಯಿತು. ಘಟ್ಟವನ್ನು ಹತ್ತಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಪೂರ್ಣಗೊಂಡಿಲ್ಲ.