ಬರುವ ಮೊದಲೇ ಹಾಡಿದ ಸ್ವಾತಂತ್ರ್ಯ

ಸುಬ್ರಹ್ಮಣ್ಯ ಭಾರತಿ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ತಮಿಳುನಾಡಿನ ಎಟ್ಟಯಪುರದಲ್ಲಿ. ಅಲ್ಲಿನ ಜಮೀನ್ದಾರರ ಆಸ್ಥಾನದ ವಿದ್ವಾಂಸರು ಬಾಲಕನ ಕವಿತೆಗೆ ತಲೆದೂಗಿ ‘ಭಾರತಿ’ ಎಂಬ ಬಿರುದು ಕೊಟ್ಟಾಗ ಅವರಿಗಿನ್ನೂ ಹನ್ನೊಂದರ ಪ್ರಾಯ. ತಂದೆ ತೀರಿಕೊಂಡ ಮೇಲೆ ಕಾಶಿ ಸೇರಿ ಸಂಸ್ಕೃತ, ಹಿಂದಿ ಕಲಿತರು. ಮೀಸೆ, ಮುಂಡಾಸಿನ ಈಗಿನ ಪರಿಚಿತ ರೂಪ ಬಂದದ್ದೂ ಅಲ್ಲಿಯೇ.

1904ರಲ್ಲಿ ಮದ್ರಾಸಿನ ‘ಸ್ವದೇಶಮಿತ್ರನ್’ ಪತ್ರಿಕೆ ಸೇರಿದರು. ಬಂಗಾಳ ವಿಭಜನೆಯ ಕಾವು ದಕ್ಷಿಣಕ್ಕೂ ಮುಟ್ಟಿದ ದಿನಗಳವು. ಆಗ ಭೇಟಿಯಾದ ಸೋದರಿ ನಿವೇದಿತಾರನ್ನು ಗುರುವಾಗಿ ಸ್ವೀಕರಿಸಿ, 1908ರ ದೇಶಭಕ್ತಿಗೀತೆಗಳ ಸಂಕಲನವನ್ನು ಅವರಿಗೇ ಅರ್ಪಿಸಿದರು. ಹೆಣ್ಣಿನ ಬಿಡುಗಡೆಯಿಲ್ಲದೆ ನಾಡಿನ ಬಿಡುಗಡೆ ಇಲ್ಲವೆಂಬ ನಿಲುವು ಗಟ್ಟಿಯಾದದ್ದು ಈ ಭೇಟಿಯಿಂದ. ಭಾರತಿಯವರ ‘ಇಂಡಿಯಾ’ ವಾರಪತ್ರಿಕೆ ಕೆಂಪು ಕಾಗದದ ಮೇಲೆ, ರಾಜಕೀಯ ವ್ಯಂಗ್ಯಚಿತ್ರಗಳೊಂದಿಗೆ ಬರುತ್ತಿತ್ತು. 1908ರಲ್ಲಿ ಸರ್ಕಾರ ಪತ್ರಿಕೆಯ ಮೇಲೆ ಎರಗಿದಾಗ ಭಾರತಿ ಫ್ರೆಂಚರ ಆಡಳಿತದಲ್ಲಿದ್ದ ಪಾಂಡಿಚೇರಿಗೆ ಹೋದರು. ಪತ್ರಿಕೆ ಅಲ್ಲಿಂದಲೂ ಹೊರಟಿತು. ಬ್ರಿಟಿಷ್ ಇಂಡಿಯಾದೊಳಗೆ ತಡೆಬಿದ್ದ ಮೇಲೆ 1910ರಲ್ಲಿ ನಿಂತಿತು.

ಪಾಂಡಿಚೇರಿಯಲ್ಲಿ ಕಳೆದದ್ದು ಹತ್ತು ವರ್ಷ. ಬಡತನ, ಬೆನ್ನಿಗೆ ಬಿದ್ದ ಗೂಢಚಾರರು, ಜೊತೆಗೆ ಅರವಿಂದರ ಒಡನಾಟ. ಭಾರತಿಯವರ ದೊಡ್ಡ ಕೃತಿಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲೇ. ‘ಪಾಂಚಾಲಿ ಶಪಥಂ’ನಲ್ಲಿ ತುಂಬಿದ ಸಭೆಯಲ್ಲಿ ಅವಮಾನಿತಳಾಗಿ ನಿಂತ ದ್ರೌಪದಿ ಪರಾಧೀನ ಭಾರತವೂ ಹೌದು. ಕನಕಲಿಂಗಂ ಎಂಬ ದಲಿತ ಯುವಕನಿಗೆ ಭಾರತಿ ತಾವೇ ಜನಿವಾರ ಹಾಕಿ ಗಾಯತ್ರಿ ಉಪದೇಶಿಸಿದರು. ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದವರು ಆ ಕಾಲದಲ್ಲಿ ಹೀಗೆ ಮಾಡಲು ಎಂಥ ಎದೆಗಾರಿಕೆ ಬೇಕಿತ್ತು!

ಅವರ ಆದರ್ಶವೆಲ್ಲ ಒಂದೆಡೆ ಸಿಗುವುದು ‘ಪಳ್ಳು’ ಮಟ್ಟಿನ ಸ್ವಾತಂತ್ರ್ಯಗೀತೆಯಲ್ಲಿ. ಪಳ್ಳು ಎಂದರೆ ಗದ್ದೆಯಲ್ಲಿ ದುಡಿಯುವ ಪಳ್ಳರ್ ಸಮುದಾಯದ ಬದುಕಿಗೆ ಅಂಟಿಕೊಂಡ ಹಾಡಿನ ಪ್ರಕಾರ. ಸ್ವಾತಂತ್ರ್ಯದ ಸಂಭ್ರಮವನ್ನು ಭಾರತಿ ಈ ದುಡಿಯುವವರ ಬಾಯಲ್ಲಿಟ್ಟರು. ಅದೂ ಬೇಡಿಕೆಯಾಗಿ ಅಲ್ಲ. ಸ್ವಾತಂತ್ರ್ಯ ಆಗಲೇ ಕೈಸೇರಿತು, ಕುಣಿಯೋಣ ಎಂಬ ಧಾಟಿಯಲ್ಲಿ. ಬಿಳಿಯರಿಗೆ ತಲೆಬಾಗುವ ಕಾಲದ ಜೊತೆಗೆ ಬ್ರಾಹ್ಮಣರಿಗೆ ಕೈಮುಗಿದು ನಿಲ್ಲುವ ಕಾಲವೂ ಮುಗಿಯಿತೆಂದು ಹಾಡು ಸಾರುತ್ತದೆ. ಬೇಸಾಯಕ್ಕೆ, ಕೈಗಾರಿಕೆಗೆ ನಮಸ್ಕಾರ. ಕೂತು ಉಣ್ಣುವವರಿಗೆ ಛೀಮಾರಿ. ಪಂಡಿತರ ತಮಿಳನ್ನು ಬದಿಗಿಟ್ಟು ಹೀಗೆ ಜನರ ಮಟ್ಟು, ಜನರ ಮಾತು ಆರಿಸಿಕೊಂಡದ್ದೇ ಭಾರತಿಯವರ ನಿಜವಾದ ಕ್ರಾಂತಿ. ಘೋಷಣೆ ಕೂಗಿದ ಕವಿಗಳು ಬಹಳ. ಹಾಡಿನ ಮೈಯಲ್ಲೇ ಸಮತೆಯನ್ನು ತಂದವರು ವಿರಳ.

1918ರ ನವೆಂಬರಿನಲ್ಲಿ ಪಾಂಡಿಚೇರಿ ಬಿಟ್ಟು ಬ್ರಿಟಿಷ್ ಇಂಡಿಯಾದ ನೆಲಕ್ಕೆ ಕಾಲಿಟ್ಟೊಡನೆ ಬಂಧನವಾಯಿತು. ಕೆಲವು ವಾರಗಳಲ್ಲಿ ಬಿಡುಗಡೆಯೂ ಆಯಿತು. 1920ರಲ್ಲಿ ‘ಸ್ವದೇಶಮಿತ್ರನ್’ಗೆ ಮರಳಿದರು. ಮರುವರ್ಷ ತಿರುವಲ್ಲಿಕೇಣಿಯ ಪಾರ್ಥಸಾರಥಿ ದೇವಾಲಯದ ಆನೆ ಅವರನ್ನು ಕೆಡವಿತು. ಆ ಪೆಟ್ಟಿನಿಂದ ಚೇತರಿಸಿಕೊಂಡರೂ ಸೊರಗಿದ್ದ ದೇಹ ಮುಂದೆ ಬಂದ ಕಾಯಿಲೆಯನ್ನು ತಾಳಲಿಲ್ಲ. 1921ರ ಸೆಪ್ಟೆಂಬರಿನಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡರು. ಅಂತ್ಯಯಾತ್ರೆಗೆ ಬಂದವರು ಬೆರಳೆಣಿಕೆಯ ಮಂದಿ.

1947ರಲ್ಲಿ ಆ ಪಳ್ಳು ಹಾಡನ್ನು ಗಾಯಕಿ ಡಿ.ಕೆ. ಪಟ್ಟಮ್ಮಾಳ್ ಹಾಡಿದರು, ಅದೇ ವರ್ಷ ‘ನಾಮ್ ಇರುವರ್’ ಚಿತ್ರದಲ್ಲೂ ಅದು ಕೇಳಿಸಿತು. 1949ರಲ್ಲಿ ಮದ್ರಾಸ್ ಸರ್ಕಾರ ಭಾರತಿಯವರ ಕೃತಿಗಳ ಹಕ್ಕನ್ನು ತಾನೇ ಪಡೆಯಿತು. ಮುಂದೆ ಅವು ಸಾರ್ವಜನಿಕರ ಸ್ವತ್ತಾದವು.